ಅಮೆರಿಕದ ಕಾದಂಬರಿ, ಸಿನಿಮಾಗಳಲ್ಲಿ ಪೂರ್ವಗ್ರಹ, ನ್ಯಾಯ, ಬವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಓದುಗರ ಪತ್ರಗಳಲ್ಲಿ, ತರಗತಿಯ ಹೊರಗೆ, ಸಿನಿಮಾ ಮುಗಿದು ದೀಪ ಹತ್ತಿದ ಮೇಲಿನ ಮಾತುಕತೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಆರಂಭದವರಿಗೆ

ನಾನು ಈ ವಿಷಯಕ್ಕೆ ಹೊಸಬ. ಮೊದಲು ಪುಸ್ತಕ ಓದಲೋ, ಸಿನಿಮಾ ನೋಡಲೋ?

ಮೊದಲಿಗೆ ಮೂರು ಕೃತಿಗಳು ಸಾಕು. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕಾದಂಬರಿಯನ್ನು ಸಿನಿಮಾಕ್ಕಿಂತ ಮೊದಲು ಓದಿ. ಅದರ ಜೀವಾಳ ನ್ಯಾಯಾಲಯದಲ್ಲಿರುವಷ್ಟೇ ಅಡುಗೆಮನೆಯಲ್ಲೂ ಶಾಲೆಯಲ್ಲೂ ಇದೆ, ಸಿನಿಮಾದಲ್ಲಿ ಅದಕ್ಕೆಲ್ಲ ಜಾಗ ಸಿಕ್ಕಿಲ್ಲ. ಜಾನ್ ಸ್ಟೈನ್‌ಬೆಕ್ ಅವರ ‘ದ ಗ್ರೇಪ್ಸ್ ಆಫ್ ರಾತ್’ (1939) ಕಾದಂಬರಿಯ ಗಾತ್ರ ಕಂಡು ಹಿಂಜರಿಯುವವರು ಜಾನ್ ಫೋರ್ಡ್ ನಿರ್ದೇಶಿಸಿದ 1940ರ ಸಿನಿಮಾವನ್ನೇ ಮೊದಲು ನೋಡಬಹುದು. ಮೂರನೆಯದು ಸಿಡ್ನಿ ಲುಮೆಟ್ ಅವರ ‘12 ಆಂಗ್ರಿ ಮೆನ್’ (1957). ಅದು 1954ರಲ್ಲಿ ಟಿವಿ ನಾಟಕವಾಗಿ ಹುಟ್ಟಿದ್ದು, ಹೆಚ್ಚುಕಡಿಮೆ ಪೂರ್ತಿ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಕನ್ನಡದ ‘ದಶಮುಖ’ (2012) ನೋಡಿದವರಿಗೆ ಅದರ ಎಳೆ ಆಗಲೇ ಪರಿಚಿತ.

ಮಾಕಿಂಗ್‌ಬರ್ಡ್ ಕತೆ ನಿಜವಾಗಿ ನಡೆದದ್ದೇ?

ಬಿಳಿಯ ಯುವತಿಯ ಮೇಲೆ ಅತ್ಯಾಚಾರ ನಡೆಸಿದನೆಂಬ ಸುಳ್ಳು ಆರೋಪ ಹೊತ್ತ ಟಾಮ್ ರಾಬಿನ್ಸನ್ ಎಂಬ ಕಪ್ಪು ಮನುಷ್ಯನ ಪರ ವಕೀಲ ಅಟಿಕಸ್ ಫಿಂಚ್ ವಾದಿಸುವ ಈ ಕತೆ ಕಲ್ಪಿತ, ನೆಲ ನಿಜವಾದದ್ದು. ಲೀ ಹುಟ್ಟಿ ಬೆಳೆದ ಅಲಬಾಮಾ ರಾಜ್ಯದ ಮನ್ರೋವಿಲ್ ಎಂಬ ಸಣ್ಣ ಊರೇ ಕಾದಂಬರಿಯಲ್ಲಿ ಮೇಕೂಂಬ್ ಆಗಿದೆ. ಅವರ ತಂದೆ ವಕೀಲರು. ವೃತ್ತಿಯ ಆರಂಭದಲ್ಲಿ ಇಬ್ಬರು ಕಪ್ಪು ಆರೋಪಿಗಳ ಪರ ವಾದಿಸಿ ಸೋತವರು, ಆ ಇಬ್ಬರನ್ನೂ ಗಲ್ಲಿಗೇರಿಸಲಾಯಿತು.

ಆದರೆ ಆ ಕಾಲದ ಓದುಗರ ಮನಸ್ಸಿನಲ್ಲಿ ಹಸಿಯಾಗಿದ್ದದ್ದು ಸ್ಕಾಟ್ಸ್‌ಬರೋ ಮೊಕದ್ದಮೆ. 1931ರ ಮಾರ್ಚ್ 25ರಂದು ಅಲಬಾಮಾದಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿ, ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರ ನಡೆಸಿದರೆಂಬ ಆರೋಪ ಹೊರಿಸಲಾಯಿತು. ಎರಡೇ ವಾರದಲ್ಲಿ ವಿಚಾರಣೆ ಶುರುವಾಗಿ, ಎಂಟು ಮಂದಿಗೆ ಮರಣದಂಡನೆ ಆಯಿತು. ಎರಡು ವರ್ಷದ ನಂತರ ಆ ಯುವತಿಯರಲ್ಲಿ ಒಬ್ಬರು ಅಂಥದ್ದೇನೂ ನಡೆದಿಲ್ಲವೆಂದು ನ್ಯಾಯಾಲಯದಲ್ಲೇ ಹೇಳಿದರು. ಜ್ಯೂರಿ ಮತ್ತೆ ಅಪರಾಧಿಯೆಂದೇ ಹೇಳಿತು. ಆ ತೀರ್ಪನ್ನು ಬದಿಗಿಟ್ಟ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮುಂದಿನ ಚುನಾವಣೆಯಲ್ಲಿ ಸೋತರು. ಅಲ್ಲಿ ನ್ಯಾಯಾಧೀಶರೂ ಚುನಾವಣೆಗೆ ನಿಲ್ಲುತ್ತಾರೆಂಬುದನ್ನು ಮರೆತು ಈ ಕತೆಗಳನ್ನು ಓದಿದರೆ ಅರ್ಧ ಅರ್ಥವಾಗುವುದಿಲ್ಲ. ಯಾರನ್ನೂ ಗಲ್ಲಿಗೇರಿಸಲಿಲ್ಲ, ನಿಜ. ಆದರೆ ಹುಡುಗರ ಯೌವನ ಜೈಲಿನಲ್ಲೇ ಸವೆಯಿತು. ಉಳಿದಿದ್ದ ಕೊನೆಯ ಮೂವರಿಗೆ ಕ್ಷಮಾದಾನ ಸಿಕ್ಕಿದ್ದು 2013ರಲ್ಲಿ, ಅವರೆಲ್ಲ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಜ್ಯೂರಿ ಅಂದರೇನು? ಜಡ್ಜ್ ಇರುವಾಗ ಹನ್ನೆರಡು ಜನ ಅಲ್ಲಿ ಏಕೆ ಕೂತಿರುತ್ತಾರೆ?

ಭಾರತದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಗೆ ಜಾಗ ಕೊಡಲಿಲ್ಲವಾದ್ದರಿಂದ ಈ ಪ್ರಶ್ನೆ ಸಹಜ. ಅಮೆರಿಕದಲ್ಲಿ ಗಂಭೀರ ಅಪರಾಧದ ಆರೋಪ ಹೊತ್ತವನು ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಸಾಮಾನ್ಯ ನಾಗರಿಕರ ಗುಂಪು ತೀರ್ಮಾನಿಸುತ್ತದೆ. ನ್ಯಾಯಾಧೀಶರು ಕಾನೂನನ್ನು ವಿವರಿಸಿ ವಿಚಾರಣೆಯನ್ನು ನಡೆಸಿಕೊಡುತ್ತಾರೆ. ಈ ಏರ್ಪಾಡು ಒಳ್ಳೆಯದೋ ಕೆಟ್ಟದ್ದೋ ಎಂಬುದು ಆ ಹನ್ನೆರಡು ಕುರ್ಚಿಗಳಲ್ಲಿ ಯಾರನ್ನು ಕೂರಿಸುತ್ತಾರೆ ಎಂಬುದರ ಮೇಲೆ ನಿಂತಿದೆ.

ಮೇಕೂಂಬಿನ ಜ್ಯೂರಿಯಲ್ಲಿರುವವರೆಲ್ಲ ಬಿಳಿಯ ಗಂಡಸರು. ಅಲಬಾಮಾದಲ್ಲಿ ಹೆಂಗಸರಿಗೆ ಜ್ಯೂರಿಯಲ್ಲಿ ಕೂರುವ ಹಕ್ಕು ಸಿಕ್ಕಿದ್ದೇ 1966ರಲ್ಲಿ. ಕಪ್ಪು ಜನರನ್ನು ಕಾನೂನು ಬಾಯಿಬಿಟ್ಟು ತಡೆದಿರಲಿಲ್ಲ, ಅವರ ಹೆಸರು ಪಟ್ಟಿಗೆ ಬರದಂತೆ ನೋಡಿಕೊಳ್ಳಲಾಗುತ್ತಿತ್ತು. ಸ್ಕಾಟ್ಸ್‌ಬರೋ ಮೇಲ್ಮನವಿಯಲ್ಲಿ ಈ ಪ್ರಶ್ನೆ ಎದ್ದಾಗ ಕೆಲವು ಕಪ್ಪು ಜನರ ಹೆಸರುಗಳನ್ನು ಹಳೆಯ ಪಟ್ಟಿಯಲ್ಲಿ ಆಮೇಲೆ ತುರುಕಿದ್ದು ಬಯಲಾಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ಆ ಪುಟಗಳನ್ನು ನೋಡಿದರು. 1935ರಲ್ಲಿ ಬಂದ ತೀರ್ಪು ಹೀಗೆ ಜನಾಂಗದ ಕಾರಣಕ್ಕೆ ಜ್ಯೂರಿಯಿಂದ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದಿತು. ನನಗೆ ಈ ಭೂತಗನ್ನಡಿಯ ದೃಶ್ಯ ಯಾವ ಸಿನಿಮಾದ ವಾದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

‘ಗ್ರೇಪ್ಸ್ ಆಫ್ ರಾತ್’ನ ಜೋಡ್ ಕುಟುಂಬದವರು ಬಿಳಿಯರಲ್ಲವೇ? ಅವರಿಗೆ ಯಾರ ಪೂರ್ವಗ್ರಹ?

ಬಿಳಿಯರೇ, ಆದರೆ ಭೂಮಿ ಕಳೆದುಕೊಂಡ ಬಿಳಿಯರು. ಒಕ್ಲಹೋಮದ ಗೇಣಿ ಒಕ್ಕಲುಗಳು ಹಳೆಯ ಲಟಾರಿ ಗಾಡಿಗಳಲ್ಲಿ ಮಕ್ಕಳುಮರಿ, ಹಾಸಿಗೆ, ಪಾತ್ರೆ ಹೇರಿಕೊಂಡು ಕ್ಯಾಲಿಫೋರ್ನಿಯಕ್ಕೆ ಬಂದಾಗ ಅಲ್ಲಿನವರು ಅವರನ್ನು ‘ಓಕಿ’ ಎಂದು ಕರೆದರು. ರಾಜ್ಯದ ಹೆಸರಿನಿಂದ ಹುಟ್ಟಿದ ಈ ಪುಟ್ಟ ಪದ ಕೊಳಕ, ಸೋಮಾರಿ, ಕಳ್ಳ ಎಂಬ ಅರ್ಥಗಳನ್ನೆಲ್ಲ ಒಟ್ಟಿಗೆ ಹೊತ್ತಿತ್ತು.

ಊರು ಬಿಡಿಸಿದ್ದು ಧೂಳಿನ ಬಿರುಗಾಳಿಯೊಂದೇ ಎಂದುಕೊಳ್ಳಬೇಡಿ. ಜೋಡ್ ಕುಟುಂಬದ ಸಲಿಸಾ ಇರುವುದು ಒಕ್ಲಹೋಮದ ಪೂರ್ವ ಭಾಗದಲ್ಲಿ, ಬಿರುಗಾಳಿಯ ಪಟ್ಟಿಯಿಂದ ಬಹು ದೂರ. ಹತ್ತಿ ಬೆಳೆಯನ್ನು ಕಡಿಮೆ ಮಾಡಲು ಸರ್ಕಾರ 1933ರಿಂದ ಭೂಮಾಲೀಕರಿಗೆ ಹಣ ಕೊಟ್ಟಿತು. ಭೂಮಾಲೀಕರು ಟ್ರ್ಯಾಕ್ಟರ್ ತಂದು ಒಕ್ಕಲನ್ನು ಎಬ್ಬಿಸಿದರು. ಕಾದಂಬರಿಯಲ್ಲಿ ಮನೆ ಕೆಡವಲು ಟ್ರ್ಯಾಕ್ಟರ್ ತಂದವನು ಅದೇ ಊರಿನ ಹುಡುಗ, ದಿನಕ್ಕೆ ಮೂರು ಡಾಲರ್ ಕೂಲಿ. ಬಂದೂಕು ಹಿಡಿದು ನಿಂತ ಒಕ್ಕಲಿಗ ಯಾರಿಗೆ ಗುಂಡು ಹಾರಿಸಬೇಕೆಂದು ಕೇಳಿದರೆ, ಆದೇಶ ಬ್ಯಾಂಕಿನದು, ಬ್ಯಾಂಕಿಗೆ ಆದೇಶ ಇನ್ನೆಲ್ಲಿಂದಲೋ ಬಂದದ್ದು ಎಂದು ಉತ್ತರ ಬರುತ್ತದೆ.

ಈ ಕಾದಂಬರಿಗಳಲ್ಲಿ ಬರೀ ದುಃಖವೇ ಇರುತ್ತದೆಯೇ? ಓದಲು ಧೈರ್ಯ ಸಾಲುತ್ತಿಲ್ಲ.

‘ಗ್ರೇಪ್ಸ್ ಆಫ್ ರಾತ್’ನ ಬ್ರೆಡ್ಡಿನ ಪ್ರಸಂಗವನ್ನು ಮೊದಲು ಓದಿ ನೋಡಿ. ಹೆದ್ದಾರಿ ಬದಿಯ ಹೋಟೆಲಿಗೆ ಬಂದ ವಲಸಿಗನೊಬ್ಬ ಹತ್ತು ಸೆಂಟಿನಷ್ಟು ಮಾತ್ರ ಬ್ರೆಡ್ ಕೇಳುತ್ತಾನೆ, ಅಲ್ಲಿರುವುದು ಹದಿನೈದು ಸೆಂಟಿನದು. ಬಡಿಸುವ ಮೇ ಎಂಬಾಕೆ ಗೊಣಗುತ್ತಾಳೆ, ಒಳಗಿನಿಂದ ಅಡುಗೆಯವನು ಕೊಟ್ಟುಬಿಡೆಂದು ಗದರುತ್ತಾನೆ. ಅಷ್ಟರಲ್ಲಿ ಮಕ್ಕಳಿಬ್ಬರ ಕಣ್ಣು ಗಾಜಿನ ಪೆಟ್ಟಿಗೆಯೊಳಗಿನ ಪೆಪ್ಪರ್‌ಮಿಂಟ್ ಕಡ್ಡಿಗಳ ಮೇಲೆ. ಒಂದು ಸೆಂಟಿಗೆ ಒಂದು ಬರುತ್ತದೆಯೇ ಎಂದು ಅಪ್ಪ ಅಳುಕುತ್ತ ಕೇಳಿದರೆ, ಮೇ ಒಂದು ಸೆಂಟಿಗೆ ಎರಡು ಎನ್ನುತ್ತಾಳೆ. ಅವರು ಹೋದ ಮೇಲೆ ಅಲ್ಲೇ ಕೂತಿದ್ದ ಲಾರಿ ಚಾಲಕ ಹೇಳುತ್ತಾನೆ: ಅವು ಒಂದೊಂದಕ್ಕೆ ಐದು ಸೆಂಟಿನವು. ಉಪಕಾರ ಮಾಡಿದವಳಿಗೆ ಅದು ಬಯಲಾದದ್ದೇ ಸಿಟ್ಟು. ಇಂಥ ಸಣ್ಣ ಉಸಿರುಗಳು ಇಲ್ಲದಿದ್ದರೆ ಆ ಕಾದಂಬರಿ ಇಷ್ಟು ಕಾಲ ಬಾಳುತ್ತಿರಲಿಲ್ಲ.

## ಒಂದು ಸಲ ಓದಿದವರಿಗೆ, ನೋಡಿದವರಿಗೆ

ಟಾಮ್ ರಾಬಿನ್ಸನ್ ತಪ್ಪು ಮಾಡಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆದರೂ ಶಿಕ್ಷೆ ಹೇಗಾಯಿತು?

ಅತಿ ಹೆಚ್ಚು ಬಂದ ಪ್ರಶ್ನೆ ಇದು. ಉತ್ತರ ಸಾಕ್ಷ್ಯದಲ್ಲಿಲ್ಲ, ಒಂದು ವಾಕ್ಯದಲ್ಲಿದೆ.

ಸಾಕ್ಷ್ಯವನ್ನೇ ಮೊದಲು ನೋಡೋಣ. ಪೆಟ್ಟು ಬಿದ್ದದ್ದು ಆರೋಪ ಹೊರಿಸಿದ ಬಿಳಿಯ ಯುವತಿ ಮಯೆಲ್ಲಾಳ ಮುಖದ ಬಲಭಾಗಕ್ಕೆ. ಎದುರು ನಿಂತವನು ಎಡಗೈಯಿಂದ ಹೊಡೆದರೆ ಹಾಗಾಗುವ ಸಂಭವ ಹೆಚ್ಚು. ಪಾಟೀಸವಾಲಿನಲ್ಲಿ ಟಾಮ್ ಪರ ವಕೀಲ ಅಟಿಕಸ್ ಫಿಂಚ್ ಅವಳ ಅಪ್ಪ ಬಾಬ್ ಯೂವೆಲ್‌ನ ಕೈಗೆ ಪೆನ್ನು, ಲಕೋಟೆ ಕೊಟ್ಟು ಹೆಸರು ಬರೆಸುತ್ತಾನೆ, ಅವನು ಎಡಚ. ಟಾಮ್‌ನ ಎಡಗೈಯಾದರೋ ಹುಡುಗನಾಗಿದ್ದಾಗಲೇ ಹತ್ತಿಯಿಂದ ಬೀಜ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಊನವಾದದ್ದು. ಪ್ರಮಾಣ ಮಾಡುವಾಗ ಬೈಬಲ್ಲಿನ ಮೇಲಿಟ್ಟರೂ ಜಾರಿ ಬೀಳುತ್ತದೆ. ವೈದ್ಯರನ್ನು ಯಾರೂ ಕರೆಸಿಯೇ ಇಲ್ಲ. ಇಷ್ಟಾದರೆ ನಮ್ಮ ಲೆಕ್ಕದಲ್ಲಿ ಮೊಕದ್ದಮೆ ಮುಗಿಯಿತು.

ಆದರೆ ಅವಳ ಮನೆಯ ಕೆಲಸವನ್ನು ಬಿಟ್ಟಿಯಾಗಿ ಏಕೆ ಮಾಡಿಕೊಡುತ್ತಿದ್ದೆ ಎಂದು ಸರ್ಕಾರಿ ವಕೀಲ ಕೆಣಕಿದಾಗ ಟಾಮ್ ನಿಜ ಹೇಳಿಬಿಡುತ್ತಾನೆ: ಅವಳನ್ನು ನೋಡಿ ಪಾಪ ಅನ್ನಿಸಿತು. ಇಡೀ ಸಭೆ ಬಿಗಿಯುತ್ತದೆ. ಕಪ್ಪು ಮನುಷ್ಯನೊಬ್ಬ ಬಿಳಿಯ ಹೆಂಗಸಿನ ಬಗ್ಗೆ ಮರುಕಪಡುವುದೆಂದರೆ ತಾನು ಅವಳಿಗಿಂತ ಮೇಲಿದ್ದೇನೆ ಎಂದಂತೆ. ಊರಿನ ಬಡ ಬಿಳಿಯರಿಗೆ ಉಳಿದಿದ್ದ ಒಂದೇ ಆಸ್ತಿ ಆ ಮೇಲುಗೈ, ಅದನ್ನೇ ಅವನು ಮುಟ್ಟಿದ. ಏಳು ತಮ್ಮತಂಗಿಯರಿಗೆ ಐಸ್‌ಕ್ರೀಮ್ ಕೊಡಿಸುವ ನೆವದಲ್ಲಿ ಮನೆ ಖಾಲಿ ಮಾಡಿಸಲು ಒಂದು ವರ್ಷ ಪುಡಿಗಾಸು ಕೂಡಿಟ್ಟ ಮಯೆಲ್ಲಾಳ ಒಂಟಿತನವನ್ನು ಆ ನ್ಯಾಯಾಲಯದಲ್ಲಿ ಕಂಡವರು ಕೆಲವರೇ, ಅವರಲ್ಲಿ ಅಟಿಕಸ್ ಮತ್ತು ಟಾಮ್ ಇಬ್ಬರು. ಅದರಲ್ಲಿ ಒಬ್ಬನಿಗೆ ಆ ಕಾಣುವಿಕೆಯೇ ಪ್ರಾಣಕ್ಕೆ ಎರವಾಯಿತು.

ಅಷ್ಟೆಲ್ಲ ಆದ ಮೇಲೂ ಜ್ಯೂರಿ ಕೆಲವು ಗಂಟೆ ಒಳಗೇ ಕುಳಿತದ್ದನ್ನು ಅಟಿಕಸ್ ಒಂದು ಹೆಜ್ಜೆ ಎಂದು ಎಣಿಸುತ್ತಾನೆ. ಅವನಷ್ಟು ಆಶಾವಾದಿಯಾಗಲು ನನ್ನಿಂದ ಆಗಿಲ್ಲ.

‘12 ಆಂಗ್ರಿ ಮೆನ್’ನಲ್ಲಿ ಆ ಹುಡುಗ ಯಾವ ಜನಾಂಗದವನು ಅಂತ ಕೊನೆವರೆಗೂ ಹೇಳುವುದಿಲ್ಲವಲ್ಲ, ಏಕೆ?

ಬೇಕೆಂದೇ ಹೇಳಿಲ್ಲ. ಕೊಳೆಗೇರಿಯವನು, ತಂದೆಯನ್ನು ಕೊಂದ ಆರೋಪ ಹೊತ್ತವನು ಎಂಬುದಷ್ಟೇ ಗೊತ್ತು; ಅವನ ಮುಖವನ್ನು ಕ್ಯಾಮೆರಾ ಒಮ್ಮೆ ಮಾತ್ರ ತೋರಿಸುತ್ತದೆ. ಹೆಸರಿಡದ ಕಾರಣ ‘ಅವರ ಪೈಕಿಯವರು’ ಎಂಬ ಮಾತಿನಲ್ಲಿ ನೋಡುವವನು ತನ್ನ ಮನಸ್ಸಿನ ‘ಅವರ’ನ್ನು ತುಂಬಿಕೊಳ್ಳುತ್ತಾನೆ. ಹತ್ತನೇ ಜ್ಯೂರಿಯವನು ಅವರ ಪೈಕಿಯವರನ್ನು ಬೈಯುತ್ತ ಹೋದಂತೆ ಉಳಿದವರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಮೇಜು ಬಿಟ್ಟು ಎದ್ದು ಬೆನ್ನು ತಿರುಗಿಸುತ್ತಾರೆ. ಬೆವರಿದ ಅಂಗಿಗಳ ನಡುವೆ ಆ ದೃಶ್ಯವನ್ನು ಮಾತಿಲ್ಲದೆ ನಿಭಾಯಿಸಿದ್ದು ಲುಮೆಟ್ ಅವರ ಜಾಣ್ಮೆ. ಹನ್ನೊಂದು ಜನರೆದುರು ಒಂಟಿಯಾಗಿ ನಿಲ್ಲುವ ಹೆನ್ರಿ ಫಾಂಡಾ ಹದಿನೇಳು ವರ್ಷ ಹಿಂದೆ ಫೋರ್ಡ್ ಅವರ ಸಿನಿಮಾದಲ್ಲಿ ಟಾಮ್ ಜೋಡ್ ಆಗಿದ್ದವರು.

ಪುಸ್ತಕದಲ್ಲಿದ್ದದ್ದನ್ನು ಸಿನಿಮಾದವರು ಹಾಳು ಮಾಡಿದರೇ?

ಹಾಳು ಎನ್ನಲಾರೆ, ಮೆತ್ತಗೆ ಮಾಡಿದರು. ಸ್ಟೈನ್‌ಬೆಕ್ ಅವರ ಕಾದಂಬರಿ ಮುಗಿಯುವುದು ನೆರೆಯಲ್ಲಿ: ಸತ್ತ ಮಗು ಹೆತ್ತ ಹುಡುಗಿ, ಕೊಟ್ಟಿಗೆಯೊಂದರಲ್ಲಿ ಹಸಿವಿನಿಂದ ಸಾಯುತ್ತಿರುವ ಅಪರಿಚಿತ ಗಂಡಸಿಗೆ ಎದೆಹಾಲು ಕುಡಿಸುತ್ತಾಳೆ. 1940ರ ಹಾಲಿವುಡ್‌ನಲ್ಲಿ ಅದನ್ನು ತೋರಿಸುವ ಮಾತೇ ಇರಲಿಲ್ಲ. ಆದ್ದರಿಂದ ಘಟನೆಗಳ ಕ್ರಮವನ್ನು ಬದಲಿಸಿ, ಶುಚಿಯಾದ ಸರ್ಕಾರಿ ಶಿಬಿರವನ್ನು ಕೊನೆಗೆ ತಂದು, ಜನ ಅಳಿಯುವುದಿಲ್ಲ ಎಂಬ ಅಮ್ಮನ ಭರವಸೆಯ ಮಾತಿಗೆ ಪರದೆ ಎಳೆದರು. ಆ ಅಮ್ಮನ ಪಾತ್ರಕ್ಕೆ ಜೇನ್ ಡಾರ್ವೆಲ್ ಅವರಿಗೆ ಆಸ್ಕರ್ ಬಂತು, ನಿರ್ದೇಶಕರಿಗೂ ಬಂತು.

ಮಾಕಿಂಗ್‌ಬರ್ಡ್ ಸಿನಿಮಾದಲ್ಲಿ (1962) ಆದ ನಷ್ಟ ಬೇರೆ ಬಗೆಯದು. ಮನೆಗೆಲಸದ ಕ್ಯಾಲ್ಪರ್ನಿಯಾ ಮಕ್ಕಳನ್ನು ತನ್ನ ಚರ್ಚಿಗೆ ಕರೆದೊಯ್ಯುವ ಅಧ್ಯಾಯ ಅದರಲ್ಲಿಲ್ಲ. ಹಾಡಿನ ಪುಸ್ತಕವಿಲ್ಲದ ಆ ಚರ್ಚಿನಲ್ಲಿ ಒಬ್ಬ ಸಾಲು ಹೇಳಿಕೊಟ್ಟಂತೆ ಉಳಿದವರು ಹಾಡುತ್ತಾರೆ. ಟಾಮ್‌ನ ಹೆಂಡತಿಗೆಂದು ಹತ್ತು ಡಾಲರ್ ಕೂಡುವವರೆಗೂ ಪಾದ್ರಿ ಬಾಗಿಲು ಮುಚ್ಚಿಸುತ್ತಾರೆ. ಕಪ್ಪು ಜನ ತಮ್ಮ ಪಾಡಿಗೆ ತಾವು ಬದುಕುವುದು ಕಾಣುವ ಒಂದೇ ಅಧ್ಯಾಯ ಅದು. ಅದು ಹೋದ ಮೇಲೆ ತೆರೆಯ ಮೇಲೆ ಅವರು ಮೊಕದ್ದಮೆಗಾಗಿ ಮಾತ್ರ ಇದ್ದಾರೆ.

ಸಿನಿಮಾ ಪೂರ್ವಗ್ರಹವನ್ನು ವಿರೋಧಿಸಿತು ಅನ್ನುತ್ತೀರಿ. ಬೆಳೆಸಿದ್ದೂ ಸಿನಿಮಾವೇ ಅಲ್ಲವೇ?

ಹೌದು. ಡಿ. ಡಬ್ಲ್ಯು. ಗ್ರಿಫಿತ್ ಅವರ ‘ದ ಬರ್ತ್ ಆಫ್ ಎ ನೇಷನ್’ (1915) ಕು ಕ್ಲಕ್ಸ್ ಕ್ಲಾನ್ ಎಂಬ ಹಂತಕ ಸಂಘಟನೆಯನ್ನು ರಕ್ಷಕನಾಗಿ ತೋರಿಸಿತು, ಮುಖಕ್ಕೆ ಮಸಿ ಬಳಿದ ಬಿಳಿಯ ನಟರನ್ನು ಕಪ್ಪು ಜನರೆಂದು ನಿಲ್ಲಿಸಿತು. ಸತ್ತಂತಿದ್ದ ಕ್ಲಾನ್ ಅದೇ ವರ್ಷ ಮತ್ತೆ ಹುಟ್ಟಿಕೊಂಡಿತು. ಅದಕ್ಕೆ ಉತ್ತರವೆಂಬಂತೆ ಕಪ್ಪು ನಿರ್ದೇಶಕ ಆಸ್ಕರ್ ಮಿಷೋ 1920ರಲ್ಲಿ ‘ವಿದಿನ್ ಅವರ್ ಗೇಟ್ಸ್’ ತೆಗೆದರು. ಕಳೆದೇಹೋಗಿದ್ದ ಅದರ ಪ್ರತಿ ದಶಕಗಳ ನಂತರ ಸ್ಪೇನಿನಲ್ಲಿ ಸಿಕ್ಕಿತು. ಇನ್ನು ‘ಗಾನ್ ವಿತ್ ದ ವಿಂಡ್’ನಲ್ಲಿ ದಾದಿಯ ಪಾತ್ರಕ್ಕಾಗಿ ಹ್ಯಾಟಿ ಮೆಕ್‌ಡ್ಯಾನಿಯೆಲ್ 1940ರಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯಾದರು; ಆ ರಾತ್ರಿ ಸಮಾರಂಭದಲ್ಲಿ ಸಹನಟರ ಸಾಲಿನಿಂದ ದೂರ, ಗೋಡೆ ಬದಿಯ ಸಣ್ಣ ಮೇಜಿನಲ್ಲಿ ಅವರನ್ನು ಕೂರಿಸಿದ್ದರು.

## ಇನ್ನೂ ಆಳಕ್ಕೆ ಹೋಗುವವರಿಗೆ

ಅಟಿಕಸ್ ಫಿಂಚ್ ನಮ್ಮ ಕಣ್ಣಲ್ಲಿ ದೇವರಂಥ ಮನುಷ್ಯ. ಈಗ ಅವನನ್ನೇ ಟೀಕಿಸುತ್ತಾರಲ್ಲ?

ಟೀಕೆ ಎರಡು ಕಡೆಯಿಂದ ಬಂದಿದೆ. ಮೊದಲನೆಯದು ಲೀ ಅವರಿಂದಲೇ. ಮಾಕಿಂಗ್‌ಬರ್ಡ್‌ಗಿಂತ ಮೊದಲೇ ಬರೆದು 2015ರಲ್ಲಿ ಪ್ರಕಟವಾದ ‘ಗೋ ಸೆಟ್ ಎ ವಾಚ್‌ಮನ್’ನಲ್ಲಿ ವಯಸ್ಸಾದ ಅಟಿಕಸ್, ವರ್ಣಪ್ರತ್ಯೇಕತೆ ಉಳಿಯಬೇಕೆನ್ನುವವರ ಸಭೆಯಲ್ಲಿ ಕುಳಿತಿರುತ್ತಾನೆ. ಅನೇಕ ಓದುಗರಿಗೆ ಮನೆಯ ಹಿರಿಯರೊಬ್ಬರ ಗುಟ್ಟು ರಟ್ಟಾದಂತಾಯಿತು. ನನಗೆ ಎರಡೂ ಒಬ್ಬನೇ ಮನುಷ್ಯ ಎನ್ನಿಸುತ್ತದೆ: ನ್ಯಾಯಾಲಯದಲ್ಲಿ ನಿಯಮ ಮುರಿಯಬಾರದೆನ್ನುವವನು, ಹೊರಗೆ ನಿಯಮ ಬದಲಾಗುವುದನ್ನು ಬಯಸಬೇಕೆಂದೇನೂ ಇಲ್ಲ.

ಎರಡನೆಯ ಟೀಕೆ ಹೆಚ್ಚು ತೂಕದ್ದು. ಅನ್ಯಾಯವಾದದ್ದು ಟಾಮ್‌ಗೆ, ಕತೆ ಮಾತ್ರ ಅಟಿಕಸ್‌ನದು. ತೀರ್ಪಿನ ನಂತರ ಬಾಲ್ಕನಿಯಲ್ಲಿದ್ದ ಕಪ್ಪು ಜನ ಅಟಿಕಸ್‌ಗೆ ಗೌರವವಾಗಿ ಎದ್ದು ನಿಲ್ಲುವ ದೃಶ್ಯಕ್ಕೆ ಗಂಟಲು ಕಟ್ಟುವುದು ನಿಜವೇ. ಆದರೆ ಟಾಮ್ ಮನೆಯಲ್ಲಿ ಹೆಂಡತಿ ಹೆಲೆನ್ ಆ ರಾತ್ರಿ ಏನು ಮಾಡಿದಳು ಎಂಬುದು ಪುಸ್ತಕದಲ್ಲಿ ಇಲ್ಲ.

ಹಾಗಾದರೆ ಕಪ್ಪು ಲೇಖಕರು ಇದೇ ವಿಷಯವನ್ನು ಹೇಗೆ ಬರೆದರು?

ರಿಚರ್ಡ್ ರೈಟ್ ಅವರ ‘ನೇಟಿವ್ ಸನ್’ (1940) ಓದಿದರೆ ವ್ಯತ್ಯಾಸ ಮೊದಲ ಪುಟದಲ್ಲೇ ಕಿವಿಗೆ ಬಡಿಯುತ್ತದೆ. ಷಿಕಾಗೋದ ಒಂದೇ ಕೋಣೆಯ ಮನೆಯಲ್ಲಿ ಅಲಾರಂ ಹೊಡೆಯುತ್ತದೆ, ನಾಲ್ವರು ಏಳುತ್ತಾರೆ, ಬಿಗರ್ ಥಾಮಸ್ ಎಂಬ ಇಪ್ಪತ್ತರ ಹುಡುಗ ಬಾಣಲೆ ಎಸೆದು ದೊಡ್ಡ ಇಲಿಯೊಂದನ್ನು ಕೊಲ್ಲುತ್ತಾನೆ. ಆಮೇಲೆ ಅವನು ಡಾಲ್ಟನ್ ಎಂಬ ಉದಾರಿ ಶ್ರೀಮಂತನ ಮನೆಗೆ ಡ್ರೈವರ್ ಆಗಿ ಸೇರುತ್ತಾನೆ. ಕಪ್ಪು ಹುಡುಗರ ಏಳಿಗೆಗೆಂದು ಪಿಂಗ್‌ಪಾಂಗ್ ಮೇಜುಗಳನ್ನು ದಾನ ಮಾಡಿರುವ ಈತನ ಕಂಪನಿಯೇ, ಇಲಿಯಿರುವ ಆ ಕೋಣೆಗೂ ಬಾಡಿಗೆ ವಸೂಲು ಮಾಡುತ್ತಿರುತ್ತದೆ. ಬಿಗರ್ ಟಾಮ್‌ನಂತೆ ನಿರಪರಾಧಿಯಲ್ಲ. ಹೆದರಿಕೆಯಲ್ಲಿ ಒಬ್ಬಳನ್ನು, ತಿಳಿದೂ ತಿಳಿದೂ ಇನ್ನೊಬ್ಬಳನ್ನು ಕೊಲ್ಲುತ್ತಾನೆ. ಓದುಗರ ಮರುಕವನ್ನು ಸುಲಭಕ್ಕೆ ಕೊಳ್ಳಬಾರದೆಂಬುದು ರೈಟ್ ಅವರ ಹಟ. 1951ರ ಸಿನಿಮಾವನ್ನು ಅರ್ಜೆಂಟೀನಾದಲ್ಲಿ ತೆಗೆಯಬೇಕಾಯಿತು, ನಲವತ್ತು ದಾಟಿದ್ದ ರೈಟ್ ಸ್ವತಃ ಬಿಗರ್ ಪಾತ್ರ ಮಾಡಿದರು; ನಟನೆ ಸಾಧಾರಣ, ಧೈರ್ಯ ದೊಡ್ಡದು.

ಜೇಮ್ಸ್ ಬಾಲ್ಡ್ವಿನ್ ಇದನ್ನು ಒಪ್ಪಲಿಲ್ಲ. 1949ರ ಪ್ರಬಂಧವೊಂದರಲ್ಲಿ ಅವರು, ಪ್ರತಿಭಟನೆಯ ಕಾದಂಬರಿ ಮನುಷ್ಯನನ್ನು ಪ್ರತಿಭಟನೆಯ ಅಳತೆಗೆ ಕತ್ತರಿಸುತ್ತದೆ, ಬಿಗರ್ ಕೂಡ ಬಿಳಿಯರು ಬರೆದಿಟ್ಟ ಚಿತ್ರವನ್ನೇ ನಂಬಿದವನು ಎಂಬ ವಾದ ಹೂಡಿದರು. ರಾಲ್ಫ್ ಎಲಿಸನ್ ಅವರ ‘ಇನ್‌ವಿಸಿಬಲ್ ಮ್ಯಾನ್’ (1952), ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಈ ಜಗಳದ ನೆರಳಿನಲ್ಲಿ ಓದಬೇಕಾದವು. ಮಾರಿಸನ್ ಅವರಲ್ಲಿ ನ್ಯಾಯಾಲಯ ಹೆಚ್ಚುಕಡಿಮೆ ಮರೆಯಾಗಿದೆ. ಗುಲಾಮಗಿರಿಗೆ ಮರಳದಿರಲೆಂದು ಮಗಳನ್ನೇ ಕೊಂದ ತಾಯಿಯನ್ನು ವಿಚಾರಣೆ ಮಾಡಲು ಬರುವುದು ಸತ್ತ ಆ ಮಗಳೇ.

ಆ ಕಾದಂಬರಿಗಳಲ್ಲಿನ ಅವಾಚ್ಯ ಜನಾಂಗೀಯ ಪದವನ್ನು ಕನ್ನಡಕ್ಕೆ ತರುವುದು ಹೇಗೆ?

ಪೂರ್ತಿಯಾಗಿ ಆಗುವುದಿಲ್ಲ. ಮಾರ್ಕ್ ಟ್ವೇನ್ ಅವರ ‘ಹಕಲ್‌ಬರಿ ಫಿನ್’ನಲ್ಲಿ ಆ ಪದ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ, 2011ರಲ್ಲಿ ಅಲಬಾಮಾದ ಪ್ರಕಾಶನವೊಂದು ಅದರ ಬದಲು ‘ಗುಲಾಮ’ ಎಂದು ಹಾಕಿ ಅಚ್ಚು ಮಾಡಿದಾಗ ದೊಡ್ಡ ಗದ್ದಲವಾಯಿತು. ಕನ್ನಡದಲ್ಲಿ ‘ಕರಿಯ’ ಎಂದು ಬರೆದರೆ ಆ ಪೆಟ್ಟು ಬೀಳದು, ಏಕೆಂದರೆ ನಮ್ಮಲ್ಲಿ ಕರಿಯಪ್ಪ, ಕರಿಯಮ್ಮ ಎಂದು ಪ್ರೀತಿಯಿಂದ ಹೆಸರಿಡುತ್ತಾರೆ, ದೇವತೆಗೂ ಅದೇ ಹೆಸರು. ಜಾತಿಯ ಬೈಗುಳ ಹಾಕಿದರೆ ಪೆಟ್ಟು ಬೀಳುತ್ತದೆ, ಆದರೆ ಮಿಸಿಸಿಪಿ ನದಿ ಇದ್ದಕ್ಕಿದ್ದಂತೆ ಕಾವೇರಿಯಾಗುತ್ತದೆ. ನಾನಾದರೆ ಮೂಲ ಪದವನ್ನು ಒಂದೆರಡು ಕಡೆ ಕನ್ನಡ ಲಿಪಿಯಲ್ಲಿ ಹಾಗೆಯೇ ಇಟ್ಟು, ಉಳಿದ ಕಡೆ ಆಡುವವರ ಏಕವಚನದಲ್ಲಿ, ‘ಏಯ್’, ‘ಲೋ’ಗಳಲ್ಲಿ ಆ ತಿರಸ್ಕಾರವನ್ನು ಹಂಚುತ್ತೇನೆ. ವಯಸ್ಸಾದ ಮನುಷ್ಯನನ್ನು ಪೋರನೊಬ್ಬ ‘ಬಾರೋ’ ಎಂದರೆ ಯಾವ ಕನ್ನಡಿಗನಿಗೂ ಟಿಪ್ಪಣಿ ಬೇಕಾಗದು.

ಇದನ್ನೆಲ್ಲ ನಮ್ಮ ಜಾತಿ ವ್ಯವಸ್ಥೆಗೆ ಹೋಲಿಸುವುದು ಸರಿಯೇ?

ಹೋಲಿಕೆ ನಮ್ಮ ಕಾಲದವರು ಹುಟ್ಟಿಸಿದ್ದಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದ ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡು ಬೋಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಮೆರಿಕದ ಕಪ್ಪು ಜನ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಅಸ್ಪೃಶ್ಯರ ಸ್ಥಿತಿಗೂ ಅವರ ಸ್ಥಿತಿಗೂ ಇರುವ ಸಾಮ್ಯದಿಂದಾಗಿ ಅವರನ್ನು ಅಭ್ಯಾಸ ಮಾಡುವುದು ಸಹಜವಷ್ಟೇ ಅಲ್ಲ, ಅಗತ್ಯವೂ ಹೌದೆಂದರು. ಡು ಬೋಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಪಡೆದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ. ವ್ಯತ್ಯಾಸವೂ ಇದೆ: ಅಲ್ಲಿ ಗುರುತು ಚರ್ಮದಲ್ಲಿ, ಇಲ್ಲಿ ಹೆಸರಿನಲ್ಲಿ, ಕೇರಿಯಲ್ಲಿ, ಊಟದ ಪಂಕ್ತಿಯಲ್ಲಿ. ಹೋಲಿಸುವಾಗ ಅಲ್ಲಿನ ಅಟಿಕಸ್‌ನಲ್ಲಿ ತನ್ನನ್ನು ಕಾಣುವ ಓದುಗ, ಆ ಜ್ಯೂರಿಯಲ್ಲೂ ತನ್ನವರನ್ನು ಹುಡುಕಿದರೆ ಹೋಲಿಕೆ ಪ್ರಾಮಾಣಿಕವಾಗುತ್ತದೆ.

ಇದೆಲ್ಲ ಎಂದೋ ಮುಗಿದ ಕತೆ. ಈಗಲೂ ಏಕೆ ಓದಬೇಕು?

ಈ ಪ್ರಶ್ನೆ ಕೇಳುವವರಿಗೆ ನಾನು ಮನ್ರೋವಿಲ್‌ನದೇ ಇನ್ನೊಂದು ಮೊಕದ್ದಮೆಯನ್ನು ಹೇಳುತ್ತೇನೆ. ಆ ಊರಿನಲ್ಲಿ 1986ರಲ್ಲಿ ಒಬ್ಬ ಬಿಳಿಯ ಯುವತಿಯ ಕೊಲೆಯಾಯಿತು. ಮರುವರ್ಷ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ, ಮರ ಕಡಿದು ಸಾಗಿಸುವ ಕೆಲಸದ ಕಪ್ಪು ಮನುಷ್ಯನನ್ನು ಹಿಡಿದರು. ಕೊಲೆಯ ಹೊತ್ತಿಗೆ ಅವನು ತನ್ನ ಮನೆಯಲ್ಲಿದ್ದ. ಅಂದು ಚರ್ಚಿಗಾಗಿ ಮೀನು ಕರಿದು ಮಾರುತ್ತಿದ್ದರು, ಕಂಡವರು ಹಲವರಿದ್ದರು. ವಿಚಾರಣೆಗೆ ಮೊದಲೇ ಅವನನ್ನು ಮರಣದಂಡನೆಯ ಕೈದಿಗಳ ನಡುವೆ ಇರಿಸಲಾಯಿತು. 1988ರಲ್ಲಿ ಹನ್ನೊಂದು ಬಿಳಿಯರೂ ಒಬ್ಬ ಕಪ್ಪು ವ್ಯಕ್ತಿಯೂ ಇದ್ದ ಜ್ಯೂರಿ ಒಂದೂವರೆ ದಿನದ ವಿಚಾರಣೆಯ ನಂತರ ಅಪರಾಧಿಯೆಂದು ಹೇಳಿ ಜೀವಾವಧಿ ಸಾಕೆಂದಿತು; ನ್ಯಾಯಾಧೀಶರು ಅದನ್ನು ತಳ್ಳಿಹಾಕಿ ಮರಣದಂಡನೆ ವಿಧಿಸಿದರು. ವಕೀಲ ಬ್ರಯನ್ ಸ್ಟೀವನ್ಸನ್ ವರ್ಷಗಟ್ಟಲೆ ಹೋರಾಡಿದ ಮೇಲೆ, ಮುಖ್ಯ ಸಾಕ್ಷಿ ತಾನು ಹೇಳಿದ್ದು ಸುಳ್ಳೆಂದು ಒಪ್ಪಿ, 1993ರಲ್ಲಿ ಅವನು ಹೊರಬಂದ. ಸ್ಟೀವನ್ಸನ್ ಬರೆದ ‘ಜಸ್ಟ್ ಮರ್ಸಿ’ (2014) ಮತ್ತು ಅದೇ ಹೆಸರಿನ 2019ರ ಸಿನಿಮಾ ಈ ಕತೆಯನ್ನು ಹೇಳುತ್ತವೆ. ಜ್ಯೂರಿಯ ಮಾತನ್ನು ಮೀರಿ ಮರಣದಂಡನೆ ವಿಧಿಸುವ ಅಧಿಕಾರವನ್ನು ಅಲಬಾಮಾ ನ್ಯಾಯಾಧೀಶರಿಂದ ಕಿತ್ತುಕೊಂಡದ್ದು 2017ರಲ್ಲಿ.

ಮನ್ರೋವಿಲ್‌ನ ಹಳೆಯ ನ್ಯಾಯಾಲಯ ಇಂದು ವಸ್ತುಸಂಗ್ರಹಾಲಯ. ಪ್ರತಿ ವಸಂತದಲ್ಲಿ ಊರವರು ಅಲ್ಲಿ ಮಾಕಿಂಗ್‌ಬರ್ಡ್ ನಾಟಕವಾಡುತ್ತಾರೆ, ನ್ಯಾಯಾಲಯದ ದೃಶ್ಯಕ್ಕೆ ಪ್ರೇಕ್ಷಕರ ನಡುವಿನಿಂದಲೇ ಹನ್ನೆರಡು ಜನರನ್ನು ಜ್ಯೂರಿಯಾಗಿ ಕೂರಿಸುತ್ತಾರೆ.